ಬೀಗ ಕಳ್ಳನಿಗೋ, ಕಾಸು ಕೊಟ್ಟವನಿಗೋ?

ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಮೊಮ್ಮಗನಿಗೆ ಮೂರು ಸಾವಿರದ ಚಿಲ್ಲರೆ ಕೊಟ್ಟು ಒಂದು ಕಂಪ್ಯೂಟರ್ ಗೇಮ್ ತೆಗೆಸಿಕೊಟ್ಟೆ. ಒಬ್ಬನೇ ಕೂತು ಆಡುವ ಆಟ. ಮಳೆ ಹಿಡಿದು ನಾಲ್ಕು ದಿನ ನೆಟ್ ಇರಲಿಲ್ಲ, ಗೇಮ್ ತೆರೆಯಲೇ ಇಲ್ಲ. ಪಕ್ಕದ ಮನೆ ಹುಡುಗ ಅದೇ ಗೇಮನ್ನು ಪೆನ್‌ಡ್ರೈವ್‌ನಲ್ಲಿ ಪುಕ್ಕಟೆ ತಂದು ಹಾಯಾಗಿ ಆಡುತ್ತಿದ್ದ. “ಅಜ್ಜ, ಮತ್ತೆ ನಾವು ದುಡ್ಡು ಕೊಟ್ಟಿದ್ದು ಯಾಕೆ?” ಅಂತ ಮೊಮ್ಮಗ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಗೇಮನ್ನು ಯಾರೂ ಕಾಪಿ ಮಾಡಬಾರದು ಅಂತ ಕಂಪನಿಗಳು ಹಾಕುವ ಈ ಬೀಗಗಳಿಂದ ಕಳ್ಳತನ ನಿಜವಾಗಿ ನಿಲ್ಲುತ್ತದೆಯೇ? ಆ ಪೆನ್‌ಡ್ರೈವ್ ಇಸಿದುಕೊಳ್ಳಲೋ ಬೇಡವೋ, ಅದನ್ನೂ ಹೇಳಿ.’

ಮೇಷ್ಟ್ರೇ, ನಮಸ್ಕಾರ.

ಮೊದಲು ನನ್ನ ತಪ್ಪು ಒಪ್ಪಿಸಿಬಿಡುತ್ತೇನೆ. ತೊಂಬತ್ತರ ದಶಕದಲ್ಲಿ ನಮ್ಮೂರಿನ ಕಂಪ್ಯೂಟರ್ ಸೆಂಟರ್‌ನಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಡದ ಹುಡುಗರೇ ಇರಲಿಲ್ಲ. 1989ರ ಗೇಮ್ ಅದು. ಫ್ಲಾಪಿಯಿಂದ ಫ್ಲಾಪಿಗೆ ಹಾರಿ ನಮ್ಮ ತನಕ ಬಂದಿತ್ತು. ಮೊದಲ ಹಂತ ದಾಟಿದರೆ ಒಂದು ಕೋಣೆ, ಅದರ ತುಂಬಾ ಶೀಷೆಗಳು, ಒಂದೊಂದರ ಮೇಲೂ ಒಂದೊಂದು ಇಂಗ್ಲಿಷ್ ಅಕ್ಷರ. ಗೇಮ್ ಜೊತೆ ಬರುವ ಪುಸ್ತಕದ ಇಂಥ ಪುಟದ ಇಂಥ ಸಾಲಿನ ಇಂಥ ಪದ ಯಾವ ಅಕ್ಷರದಿಂದ ಶುರುವಾಗುತ್ತದೋ ಆ ಶೀಷೆ ಕುಡಿಯಬೇಕು. ಆಗಷ್ಟೇ ಮುಂದೆ ದಾರಿ. ನಮ್ಮ ಹತ್ತಿರ ಪುಸ್ತಕ ಎಲ್ಲಿತ್ತು? ಯಾರೋ ಪುಣ್ಯಾತ್ಮ ಆ ಅಕ್ಷರಗಳನ್ನೆಲ್ಲ ಹಾಳೆಯಲ್ಲಿ ಬರೆದಿಟ್ಟಿದ್ದ. ಆ ಬೀಗ ಒಡೆಯಲು ನಮಗೆ ಬೇಕಾಗಿದ್ದು ಒಂದು ಜೆರಾಕ್ಸ್ ಅಂಗಡಿ, ಅಷ್ಟೆ.

ಆಮೇಲೆ ಸಿಡಿ ಕಾಲ ಬಂತು. ಗೇಮ್ ಪೂರ್ತಿ ಕಂಪ್ಯೂಟರ್‌ಗೆ ಇಳಿಸಿಕೊಂಡಿದ್ದರೂ ಆಡುವಾಗ ಸಿಡಿ ಡ್ರೈವ್‌ನಲ್ಲಿ ಇರಲೇಬೇಕು. ಸೇಫ್‌ಡಿಸ್ಕ್, ಸೆಕ್ಯುರಾಮ್ ಅಂತ ಆ ಬೀಗಗಳ ಹೆಸರು. ಇದರಲ್ಲಿ ಒಂದು ಮಜಾ ಕೇಳಿ. 2008ರಲ್ಲಿ ಯೂಬಿಸಾಫ್ಟ್ ಕಂಪನಿ ‘ರೇನ್‌ಬೋ ಸಿಕ್ಸ್ ವೇಗಸ್ 2’ಗೆ ಒಂದು ಅಪ್‌ಡೇಟ್ ಕೊಟ್ಟಿತು. ಅದನ್ನು ಹಾಕಿಕೊಂಡ ಮೇಲೆ ಗೇಮ್ ಸಿಡಿ ಕೇಳಲು ಶುರು ಮಾಡಿತು. ನೆಟ್‌ನಲ್ಲಿ ಕೊಂಡವರ ಹತ್ತಿರ ಸಿಡಿಯೇ ಇಲ್ಲ! ಅವರು ಗಲಾಟೆ ಮಾಡಿದಾಗ ಕಂಪನಿಯಿಂದ ಒಂದು ಪರಿಹಾರದ ಫೈಲ್ ಬಂತು. ಬಿಚ್ಚಿ ನೋಡಿದರೆ, ಅದು ‘ರೀಲೋಡೆಡ್’ ಅನ್ನುವ ಪೈರಸಿ ಗುಂಪು ಮಾಡಿದ್ದ ಕ್ರ್ಯಾಕ್, ಅಂದರೆ ಬೀಗ ಒಡೆಯುವ ಫೈಲ್. ಗುಂಪಿನ ಹೆಸರು ಫೈಲಿನ ಹೊಟ್ಟೆಯಲ್ಲಿ ಹಾಗೇ ಉಳಿದಿತ್ತು. ಬೀಗ ಹಾಕಿದವನೇ ಕಳ್ಳನ ಹತ್ತಿರ ಕೀ ಇಸಿದುಕೊಂಡ ಹಾಗಾಯಿತು.

ಆ ಸಿಡಿಗಳ ಕಥೆ ಮುಗಿದಿದ್ದು 2015ರಲ್ಲಿ. ಸೇಫ್‌ಡಿಸ್ಕ್‌ನಂಥ ಬೀಗಗಳು ವಿಂಡೋಸ್‌ನ ಆಳಕ್ಕೇ ಕೈ ಹಾಕುತ್ತಿದ್ದವು. ಅದು ಅಪಾಯ ಅಂತ ವಿಂಡೋಸ್ 10ರಲ್ಲಿ ಮೈಕ್ರೋಸಾಫ್ಟ್ ಅವಕ್ಕೆ ಜಾಗ ಕೊಡಲಿಲ್ಲ. ಡಬ್ಬಿ ಸಮೇತ ಒರಿಜಿನಲ್ ಸಿಡಿ ಜೋಪಾನ ಮಾಡಿದ್ದವರ ಗೇಮ್ ಏಳಲೇ ಇಲ್ಲ. ಬೀಗ ಕಿತ್ತ ಕಾಪಿ ಎಂದಿನ ಹಾಗೆ ಓಡಿತು.

ನಿಮ್ಮ ಮನೆಯಲ್ಲಿ ಆಗಿದ್ದು ಮುಂದಿನ ಕಾಲದ ಬೀಗದ ಕಥೆ. 2010ರ ಮಾರ್ಚ್‌ನಲ್ಲಿ ಅದೇ ಯೂಬಿಸಾಫ್ಟ್ ‘ಅಸ್ಸಾಸಿನ್ಸ್ ಕ್ರೀಡ್ 2’ರ ಕಂಪ್ಯೂಟರ್ ಆವೃತ್ತಿ ತಂದಿತು. ಒಬ್ಬನೇ ಆಡುವ ಕಥೆಯ ಆಟ. ಆದರೂ ಆಡಿದಷ್ಟು ಹೊತ್ತೂ ನೆಟ್ ಇರಬೇಕು. ನೆಟ್ ಹೋದ ಕ್ಷಣ ಆಟ ಗಪ್‌ಚುಪ್. ಬಿಡುಗಡೆಯಾದ ಕೆಲವೇ ದಿನಕ್ಕೆ ಯಾರೋ ಕಂಪನಿಯ ಸರ್ವರ್‌ಗಳ ಮೇಲೆ ದಾಳಿ ಮಾಡಿದರು. ದುಡ್ಡು ಕೊಟ್ಟವರು, ತಮ್ಮ ಮನೆಯ ನೆಟ್ ಚೆನ್ನಾಗಿದ್ದರೂ, ಆಡಲಾಗದೆ ಕೂತರು. ಎರಡು ವರ್ಷ ಬೈಗುಳ ತಿಂದ ಮೇಲೆ, 2012ರಲ್ಲಿ, ಆ ಪದ್ಧತಿ ಬಿಟ್ಟಿದ್ದೇವೆ ಅಂತ ಕಂಪನಿ ಹೇಳಿತು. ಮರುವರ್ಷವೇ ಇಎ ಕಂಪನಿಯ ‘ಸಿಮ್‌ಸಿಟಿ’ ಅದೇ ಗುಂಡಿಗೆ ಬಿತ್ತು. ನೆಟ್ ಇಲ್ಲದೆ ಆಡುವ ವ್ಯವಸ್ಥೆ ಅದಕ್ಕೆ ಬಂದಿದ್ದು 2014ರಲ್ಲಿ.

ಇಷ್ಟು ಓದಿದರೆ ಬೀಗ ಅನ್ನುವುದೇ ದಂಡ ಅನ್ನಿಸುತ್ತದೆ, ಅಲ್ವಾ? ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಇದೇ ಪುಟದಲ್ಲಿ ಒಮ್ಮೆ ಬರೆದೂ ಇದ್ದೆ. ಈಗ ಅದರಲ್ಲಿ ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ.

ಗ್ರೀನ್‌ಹಾರ್ಟ್ ಗೇಮ್ಸ್ ಅಂತ ಅಣ್ಣತಮ್ಮಂದಿರ ಒಂದು ಪುಟ್ಟ ಕಂಪನಿ. 2013ರಲ್ಲಿ ‘ಗೇಮ್ ಡೆವ್ ಟೈಕೂನ್’ ಅನ್ನುವ ಗೇಮ್ ಮಾಡಿದರು. ಗೇಮ್ ಕಂಪನಿ ಕಟ್ಟಿ ನಡೆಸುವುದೇ ಅದರ ಆಟ. ಬೆಲೆ ಎಂಟು ಡಾಲರ್‌ಗೂ ಕಡಿಮೆ, ಬೀಗ ಇಲ್ಲವೇ ಇಲ್ಲ. ಬಿಡುಗಡೆಯ ದಿನ ಅವರೇ ಒಂದು ಕಿತಾಪತಿ ಮಾಡಿದರು. ಕ್ರ್ಯಾಕ್ ಆದ ಕಾಪಿ ಅಂತ ಹೇಳಿ ತಾವೇ ಒಂದನ್ನು ಟೊರೆಂಟ್‌ನಲ್ಲಿ, ಅಂದರೆ ನೆಟ್‌ನಲ್ಲಿ ಜನ ಫೈಲ್ ಹಂಚಿಕೊಳ್ಳುವ ದಾರಿಯಲ್ಲಿ, ಹರಿಯಬಿಟ್ಟರು. ಅದರಲ್ಲಿ ಒಂದೇ ವ್ಯತ್ಯಾಸ: ಸ್ವಲ್ಪ ದೂರ ಆಡಿದ ಮೇಲೆ, ಆಟದೊಳಗಿನ ನಿಮ್ಮ ಕಂಪನಿಯ ಗೇಮ್‌ಗಳನ್ನೂ ಜನ ಕದಿಯಲು ಶುರು ಮಾಡುತ್ತಾರೆ, ಕಂಪನಿ ದಿವಾಳಿ ಆಗುತ್ತದೆ. ಬಿಟ್ಟಿ ಆಡುತ್ತಿದ್ದವರು ನೆಟ್‌ನಲ್ಲಿ ಬಂದು ಗೋಳಾಡಿದರು. ಒಬ್ಬನಂತೂ ಕಾಪಿ ತಡೆಯುವ ಬೀಗವನ್ನು ಆಟದೊಳಗೆ ಕಂಡುಹಿಡಿಯಲು ದಾರಿ ಇದೆಯಾ ಅಂತ ಕೇಳಿದ! ಮೊದಲ ದಿನದ ಲೆಕ್ಕ ನೋಡಿ. ಆಡಿದವರು 3,318 ಮಂದಿ. ಕೊಂಡವರು 214.

ಅಂದರೆ ಬೆಲೆ ಇಳಿಸಿ ಬೀಗ ತೆಗೆದುಬಿಟ್ಟರೆ ಎಲ್ಲರೂ ಸಾಲಾಗಿ ನಿಂತು ಕೊಳ್ಳುತ್ತಾರೆ ಅನ್ನುವುದು ಸುಮ್ನೆ ಒಳ್ಳೆಯ ಆಸೆ. ಕೊಂಡುಕೊಳ್ಳುವವರೇ ಬೇರೆ, ಎಂದೂ ಕೊಳ್ಳದವರೇ ಬೇರೆ. ನಡುವೆ ಇನ್ನೊಂದು ಗುಂಪು ಇದೆ: ಬಿಟ್ಟಿ ಸಿಕ್ಕರೆ ಬಿಟ್ಟಿ, ಇಲ್ಲದಿದ್ದರೆ ಕಾಯುವ ತಾಳ್ಮೆ ಇಲ್ಲದೆ ಕೊಳ್ಳುವವರು. ಬೀಗದ ವ್ಯಾಪಾರ ಎಲ್ಲ ನಿಂತಿರುವುದು ಈ ನಡುವಿನವರ ಮೇಲೆ.

ಇವರನ್ನು ಹಿಡಿಯಲೆಂದೇ 2014ರಲ್ಲಿ ಡೆನ್ಯುವೋ ಬಂತು. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನದು. ಮೊದಲು ಕಾಣಿಸಿದ್ದು ‘ಫಿಫಾ 15’ರಲ್ಲಿ. ಇದು ಬೀಗ ಅನ್ನುವುದಕ್ಕಿಂತ ಬೀಗಕ್ಕೆ ಇಟ್ಟ ಕಾವಲುಗಾರ. ಒಡೆಯುವವರಿಗೆ ನಿಜವಾಗಿ ಬೆವರು ಇಳಿಯಿತು. ಇನ್ನೆರಡು ವರ್ಷದಲ್ಲಿ ಬಿಟ್ಟಿ ಗೇಮ್‌ಗಳೇ ಇರುವುದಿಲ್ಲವೇನೋ ಅಂತ 2016ರ ಜನವರಿಯಲ್ಲಿ ಚೀನಾದ 3ಡಿಎಂ ಗುಂಪು ಹಲುಬಿತು. ಹಾಗೇನೂ ಆಗಲಿಲ್ಲ. ಮರುವರ್ಷ ಜನವರಿಯಲ್ಲಿ ‘ರೆಸಿಡೆಂಟ್ ಈವಿಲ್ 7’ರ ಡೆನ್ಯುವೋ ಐದೇ ದಿನಕ್ಕೆ ಬಿತ್ತು.

ಹಾಗಾದರೆ ಕೆಲವು ದಿನ, ಕೆಲವು ವಾರ ತಡೆದರೆ ಏನು ಸಿಕ್ಕಿತು? ನನ್ನ ಅಭಿಪ್ರಾಯ ಬದಲಿಸಿದ್ದು ಇಲ್ಲಿನ ಲೆಕ್ಕ. ಅಮೆರಿಕದ ಸಂಶೋಧಕ ವಿಲಿಯಂ ವೋಕ್‌ಮನ್ ಡೆನ್ಯುವೋ ಹಾಕಿದ್ದ 86 ಗೇಮ್‌ಗಳನ್ನು ನೋಡಿ 2024ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಬಿಡುಗಡೆಯಾದ ಮೊದಲ ವಾರದಲ್ಲೇ ಕ್ರ್ಯಾಕ್ ಬಂದರೆ ಆದಾಯಕ್ಕೆ ಸರಾಸರಿ ಶೇ. 20ರಷ್ಟು ಪೆಟ್ಟು. ದಿನ ಕಳೆದಂತೆ ಪೆಟ್ಟು ಸಣ್ಣದಾಗುತ್ತದೆ. ಹನ್ನೆರಡು ವಾರ ಆದ ಮೇಲೆ ಕ್ರ್ಯಾಕ್ ಬಂದರೆ ನಷ್ಟ ಹೆಚ್ಚುಕಡಿಮೆ ಸೊನ್ನೆ. ಗಾಂಧಿನಗರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಶುಕ್ರವಾರ, ಶನಿವಾರ, ಭಾನುವಾರದ ಬೆಲೆ ಅವರಿಗೆ ಗೊತ್ತು.

ಆದ್ದರಿಂದ ಮೊದಲ ವಾರಗಳಲ್ಲಿ ಬೀಗ ಹಾಕುವ ಕಂಪನಿಯನ್ನು ನಾನು ಈಗ ಬೈಯುವುದಿಲ್ಲ. ನನ್ನ ಜಗಳ ಏನಿದ್ದರೂ ಮೂರು ತಿಂಗಳ ನಂತರದ್ದು. ನಿಮ್ಮ ಕಡೆಯದೇ ಮಾತು ಹೇಳುವುದಾದರೆ, ಅಡಿಕೆ ಕೊಯ್ಲು ಮುಗಿದು ಮಂಡಿಗೂ ಹೋಗಿದೆ. ಆದರೂ ತೋಟದ ಕಾವಲಿಗೆ ಆಳು ನಿಂತಿದ್ದಾನೆ. ಒಳಗೆ ಹೊರಟ ಯಜಮಾನನ ಹತ್ತಿರ ಗುರುತಿನ ಚೀಟಿ ಕೇಳುತ್ತಾನೆ. ಕಳ್ಳ ಹಿಂದಿನ ಬೇಲಿ ಹಾರಿ ಆಗಲೇ ಹೋಗಿಯಾಯಿತು.

ಕಾವಲುಗಾರನನ್ನು ಸಮಯಕ್ಕೆ ಮನೆಗೆ ಕಳಿಸಿದವರೂ ಇದ್ದಾರೆ. 2016ರ ಮೇನಲ್ಲಿ ಬಂದ ‘ಡೂಮ್’ನಿಂದ ಡಿಸೆಂಬರ್‌ಗೆಲ್ಲ ಡೆನ್ಯುವೋ ತೆಗೆದರು. ಆದರೆ 2021ರ ‘ರೆಸಿಡೆಂಟ್ ಈವಿಲ್ ವಿಲೇಜ್’ ನೋಡಿ. ಡೆನ್ಯುವೋ, ಅದರ ಜೊತೆ ಕ್ಯಾಪ್‌ಕಾಮ್ ಕಂಪನಿಯದೇ ಇನ್ನೊಂದು ಬೀಗ. ಗುಂಡು ಹೊಡೆದಾಗೆಲ್ಲ ಗೇಮ್ ತಡವರಿಸುತ್ತಿತ್ತು. ಎರಡು ತಿಂಗಳಿಗೆ ಕ್ರ್ಯಾಕ್ ಬಂತು, ಕದ್ದವರ ಕಾಪಿ ಸಲೀಸಾಗಿ ಓಡಿತು. ಗೇಮ್ ಎಷ್ಟು ಸಲೀಸಾಗಿ ಓಡುತ್ತದೆ ಅಂತ ಪರೀಕ್ಷಿಸುವ ಡಿಜಿಟಲ್ ಫೌಂಡ್ರಿಯವರು ಎರಡನ್ನೂ ಅಕ್ಕಪಕ್ಕ ಇಟ್ಟು ಅಳೆದು, ಹೌದು ಅಂದರು. ಆಮೇಲೆ ಕ್ಯಾಪ್‌ಕಾಮ್ ಸರಿ ಮಾಡಿತು. ಅಲ್ಲಿಯವರೆಗೆ ಪೂರ್ತಿ ಬೆಲೆ ಕೊಟ್ಟವರು ಆಡಿದ್ದು ಕಳಪೆ ಗೇಮ್.

ಇನ್ನು ಪೆನ್‌ಡ್ರೈವ್ ವಿಷಯ. ನಾನು ವಕೀಲ ಅಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಅನ್ನುವ ಕಲಂ ಸೇರಿದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ದುಡ್ಡು ಕೊಟ್ಟ ಗೇಮನ್ನು ಮಳೆಗಾಲದಲ್ಲಿ ಆಡಬೇಕು ಅನ್ನುವವರನ್ನು ನನ್ನ ಮನಸ್ಸು ಕಳ್ಳ ಅನ್ನುವುದಿಲ್ಲ. ಆದರೂ ಆ ಪೆನ್‌ಡ್ರೈವ್ ಬೇಡ. ಕ್ರ್ಯಾಕ್ ಹಾಕುವಾಗ ಮೊದಲು ಆಂಟಿವೈರಸ್ ಆಫ್ ಮಾಡು ಅನ್ನುತ್ತಾರೆ. ಅದರ ಜೊತೆ ಇನ್ನೇನು ಒಳಗೆ ಬಂತು ಅಂತ ಹುಡುಗನಿಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ನಿಮ್ಮ ಪೆನ್ಷನ್ ಬ್ಯಾಂಕಿನ ಕೆಲಸ ನಡೆಯುವುದೂ ಅದೇ ಲ್ಯಾಪ್‌ಟಾಪ್‌ನಲ್ಲಿ ಇರಬೇಕು.

‘ದುಡ್ಡು ಕೊಟ್ಟಿದ್ದು ಯಾಕೆ’ ಅನ್ನುವ ಪ್ರಶ್ನೆಗೆ, ಆ ಗೇಮ್ ಮಾಡಿದವರ ಕೂಲಿಗೆ ಅಂತ ಹೇಳಿ. ಅದು ನಿಜ. ಮಾಡಿದ್ದು ಕಲಾವಿದರು, ಬೀಗ ಹಾಕಿಸಿದ್ದು ಮೇಲಿನವರು. ಹುಡುಗನಿಗೆ ಇದು ಅರ್ಥವಾಗುತ್ತದೆ.

ಮುಂದಿನ ಸಲ ಕೊಳ್ಳುವ ಮುಂಚೆ ಎರಡು ಕೆಲಸ ಮಾಡಿ. ಸ್ಟೀಮ್ ಅನ್ನುವ ನೆಟ್ ಅಂಗಡಿಯಲ್ಲಿ ಆದರೆ ಗೇಮ್‌ನ ಪುಟದ ಬಲಗಡೆ ಒಂದು ಸಣ್ಣ ಚೌಕದಲ್ಲಿ, ಬೇರೆ ಕಂಪನಿಯ ಬೀಗ ಇದ್ದರೆ ಹೆಸರು ಹಾಕಿರುತ್ತಾರೆ. ಅದೇ ಗೇಮ್ ಜಿಒಜಿ ಅನ್ನುವ ಪೋಲೆಂಡ್‌ನವರ ಅಂಗಡಿಯಲ್ಲಿ ಇದೆಯಾ ಅಂತಲೂ ನೋಡಿ. ಅಲ್ಲಿ ಬೀಗ ಇಲ್ಲದೆಯೇ ಮಾರುತ್ತಾರೆ, ಇನ್‌ಸ್ಟಾಲ್ ಫೈಲ್ ನಿಮ್ಮ ಹತ್ತಿರವೇ ಇಟ್ಟುಕೊಳ್ಳಬಹುದು. ಸ್ಟೀಮ್‌ನಲ್ಲೇ ಕೊಂಡರೆ, ಒಂದು ಸಲ ತೆರೆದು ಮುಚ್ಚಿ. ಆಮೇಲೆ ಸ್ಟೀಮ್ ಅನ್ನು ಆಫ್‌ಲೈನ್ ಮೋಡ್‌ಗೆ ಹಾಕಿ, ವೈಫೈ ಆಫ್ ಮಾಡಿ ಮತ್ತೆ ತೆರೆಯಿರಿ. ತೆರೆಯದಿದ್ದರೆ ವಾಪಸ್ ಕೊಡಿ. ಕೊಂಡು ಹದಿನಾಲ್ಕು ದಿನ ಆಗಿರಬಾರದು, ಆಡಿದ್ದು ಎರಡು ಗಂಟೆ ಮೀರಿರಬಾರದು. ಈ ಪರೀಕ್ಷೆ ಮುಗಿಯುವ ತನಕ ಮೊಮ್ಮಗನನ್ನು ಕುರ್ಚಿಯಲ್ಲಿ ಕೂರಿಸಬೇಡಿ. ಎರಡು ಗಂಟೆ ಅವನಿಗೆ ಐದು ನಿಮಿಷ.

— ಸಂಪಾದಕ