ನಾಲ್ಕು ವರ್ಷದ ಮಗು ಅಪ್ಪಿಕೊಂಡರೆ ನಾಯಿ ಗುರುಗುಟ್ಟುತ್ತದೆ, ಹೊಡೆದು ಬಿಡಿಸಬಹುದೇ?

ಇದು ಹೆಚ್ಚಾಗಿ ಸಿಟ್ಟಲ್ಲ, ತಪ್ಪಿಸಿಕೊಳ್ಳಲು ದಾರಿಯಿಲ್ಲದ ಭಯ. ಕುತ್ತಿಗೆಗೆ ಕೈ ಸುತ್ತಿದರೆ ಎಷ್ಟೋ ನಾಯಿಗಳಿಗೆ ಕಟ್ಟಿಹಾಕಿದಂತಾಗುತ್ತದೆ. ದಯವಿಟ್ಟು ಹೊಡೆಯಬೇಡಿ. ಗುರುಗುಟ್ಟುವುದು ಅದು ಕೊಡುವ ಎಚ್ಚರಿಕೆ; ಅದನ್ನು ಅಡಗಿಸಿದರೆ ಭಯ ಹಾಗೇ ಉಳಿದು, ಮುಂದೊಮ್ಮೆ ಸದ್ದಿಲ್ಲದೆ ಕಚ್ಚಬಹುದು.

ಅಪ್ಪಿಕೊಳ್ಳುವುದನ್ನು ಇವತ್ತೇ ನಿಲ್ಲಿಸಿ. ನಾಲ್ಕು ವರ್ಷದ ಮಗುವನ್ನೂ ನಾಯಿಯನ್ನೂ ಒಟ್ಟಿಗೆ ಬಿಟ್ಟು ಕೋಣೆಯಿಂದ ಹೊರಗೆ ಹೋಗಬೇಡಿ, ಒಂದು ನಿಮಿಷಕ್ಕೂ. ಆಮೇಲೆ ಪಶುವೈದ್ಯರಿಗೆ ತೋರಿಸಿ ಕಿವಿ, ಹಲ್ಲು, ಕೀಲು ಪರೀಕ್ಷೆ ಮಾಡಿಸಿ. ಮೊದಲು ಸುಮ್ಮನಿದ್ದ ನಾಯಿ ಈಗ ಶುರುಮಾಡಿದ್ದರೆ ನೋವಿರಬಹುದು. ನೀವು ಬರೆದಷ್ಟರಿಂದ ಅದನ್ನು ಹೇಳಲಾಗದು.

ನೋವಿಲ್ಲವೆಂದು ಖಚಿತವಾದ ಮೇಲೆ ನಾಯಿಯ ಒಪ್ಪಿಗೆ ಕೇಳಿ ಮುಟ್ಟುವುದನ್ನು ಮಗುವಿಗೆ ಕಲಿಸಿ. ನಾಯಿ ತಾನಾಗಿ ಹತ್ತಿರ ಬರಲಿ. ಎದೆ ಅಥವಾ ಭುಜದ ಪಕ್ಕ ಮೂರು ಸೆಕೆಂಡು ಸವರಿ ಕೈ ತೆಗೆಯಬೇಕು. ನಾಯಿ ಮತ್ತೆ ಒರಗಿದರೆ ಮುಂದುವರಿಸಬಹುದು. ಮುಖ ತಿರುಗಿಸಿತು, ತುಟಿ ನೆಕ್ಕಿತು, ನಿದ್ದೆಯಿಲ್ಲದೆ ಆಕಳಿಸಿತು, ಕಣ್ಣಿನ ಬಿಳಿಭಾಗ ಕಂಡಿತು, ಮೈ ಬಿಗಿಯಾಯಿತು ಎಂದರೆ ಬೇಡ ಎಂದರ್ಥ. ಬಾಲ ಅಲ್ಲಾಡುತ್ತಿದೆ ಎಂದು ನಂಬಿಬಿಡಬೇಡಿ, ಉದ್ವೇಗದಲ್ಲೂ ಅಲ್ಲಾಡುತ್ತದೆ. ನಮ್ಮ ಪ್ರೀತಿಯನ್ನು ಬೇಡ ಎನ್ನುವ ಹಕ್ಕು ಅದಕ್ಕೂ ಇದೆ. ಸಾಕಿದ ಮಾತ್ರಕ್ಕೆ ಅದರ ಮೈ ನಮ್ಮ ಆಟಿಕೆಯಾಗುವುದಿಲ್ಲ.

ಮಗು ಕಾಲಿಡದ ಒಂದು ಮೂಲೆಯನ್ನು ನಾಯಿಗೆ ಬಿಟ್ಟುಕೊಡಿ, ಬಾಗಿಲಿಗೆ ಅಡ್ಡಗೇಟು ಹಾಕಿ. ಉಣ್ಣುವಾಗ, ಮಲಗಿದಾಗ ಮುಟ್ಟಬಾರದು. ನಾಯಿ ಈಗಾಗಲೇ ಕಚ್ಚಲು ಬಾಯಿ ಹಾಕಿದ್ದರೆ ಇಬ್ಬರನ್ನೂ ಪೂರ್ತಿ ಬೇರೆಯಿಟ್ಟು, ಹೊಡೆಯದೆ ತರಬೇತಿ ಕೊಡುವ ವರ್ತನಾತಜ್ಞರನ್ನು ಕರೆಸಿ.