ಹಿತ್ತಾಳೆ ಟೋಕನ್ ಅಸಲಿನಾ?

ಪ್ರಶ್ನೆ: ಸಾರ್, ಅಮೆರಿಕದ ಹಳೇ ವೇಶ್ಯಾಗೃಹದ ಟೋಕನ್ ಅಂತ ಆನ್‌ಲೈನ್‌ನಲ್ಲಿ ಒಂದು ತಗೊಂಡೆ. ಹಿತ್ತಾಳೆದು, ಡಾಡ್ಜ್ ಸಿಟಿ (ಅಲ್ಲಿನ ಒಂದು ಊರು), 1880 ಅಂತ ಇದೆ, 'ಒಂದು ರಾತ್ರಿಗೆ ಒಬ್ಬಳು ಹುಡುಗಿ' ಅಂತ ಇಂಗ್ಲಿಷಲ್ಲಿ ನೇರವಾಗೇ ಬರ್ದಿದಾರೆ. ಇದು ಅಸಲಿನಾ?

ಉತ್ತರ: ಬೇಜಾರು ಮಾಡ್ಕೋಬೇಡಿ, ಹೆಚ್ಚುಕಮ್ಮಿ ಖಂಡಿತ ಡೂಪ್ಲಿಕೇಟು. ಆ ಬರಹವೇ ಸಾಕು ಗುಟ್ಟು ರಟ್ಟು ಮಾಡೋಕೆ. ಇಂಥವು 20ನೇ ಶತಮಾನದಲ್ಲಿ ಟೂರಿಸ್ಟುಗಳಿಗೆ ಮಾರೋಕೆ ಅಂತ್ಲೇ ರಾಶಿ ರಾಶಿ ಅಚ್ಚಾದವು. ಆ ಕಾಲದ ಸಲೂನುಗಳ (ಕ್ಷೌರದಂಗಡಿ ಅಲ್ಲ, ಹೆಂಡದಂಗಡಿ) ನಿಜವಾದ ಟೋಕನ್ ಮೇಲೆ ಮಾಲೀಕನ ಹೆಸರೋ ಅಂಗಡಿ ಹೆಸರೋ ಇರ್ತಿತ್ತು, ಜೊತೆಗೆ 'ಗುಡ್ ಫಾರ್ 12½ ಸೆಂಟ್ಸ್ ಇನ್ ಟ್ರೇಡ್' (ಇಲ್ಲಿ 12½ ಸೆಂಟಿನ ವ್ಯಾಪಾರಕ್ಕೆ ನಡೆಯತ್ತೆ) ಅನ್ನೋ ಥರ ಸಪ್ಪೆ ಸಾಲು, ಅಷ್ಟೇ, ಅದ್ರಲ್ಲಿ ಕುಡಿದ್ರೋ ಇನ್ನೇನು ಮಾಡಿದ್ರೋ ಟೋಕನ್ ಹೇಳಲ್ಲ.

ಹಾಗಾಗಿ ಲೋಹಕ್ಕಿಂತ ಮೊದ್ಲು ಕಾಗದ ನೋಡಿ. ಟೋಕನ್ ಮೇಲಿನ ಹೆಸರು ಆ ಊರಿನ ಹಳೇ ಡೈರೆಕ್ಟರಿ, ಜನಗಣತಿಯಲ್ಲಿ ಇದ್ಯಾ? ಸ್ಯಾನ್‌ಬೋರ್ನ್ ಕಂಪನಿಯ ಅಗ್ನಿವಿಮೆ ನಕ್ಷೆಗಳಲ್ಲಿ ವೇಶ್ಯಾಗೃಹಗಳನ್ನ 'ಫೀಮೇಲ್ ಬೋರ್ಡಿಂಗ್' ಅಂತ ನಯವಾಗಿ ಗುರುತು ಹಾಕಿರ್ತಾರೆ, ನನಗಂತೂ ಟೋಕನ್‌ಗಿಂತ ಅದೇ ಮಜಾ ಅನ್ಸತ್ತೆ! ಆಮೇಲೆ ಭೂತಗನ್ನಡಿ ಹಿಡೀರಿ: ಮೈಮೇಲೆ ಸಣ್ಣ ಗುಳಿ, ಅಂಚಲ್ಲಿ ಜೋಡಣೆ ಗೆರೆ ಕಂಡ್ರೆ ಎರಕ ಹೊಯ್ದ ನಕಲು ಅನ್ನೋ ಅನುಮಾನ ಪಡಿ. ಕಪ್ಪಗಿದೆ ಅಂತ ಹಳೇದು ಅನ್ಕೋಬೇಡಿ, ಕೆಮಿಕಲ್ ಹಾಕಿದ್ರೆ ಬೇಗ ಕಪ್ಪಾಗತ್ತೆ.

ರೋಮನ್ನರ 'ಸ್ಪಿಂಟ್ರಿಯಾ' ಅನ್ನೋ ಲೋಹದ ಬಿಲ್ಲೆಗಳು ನಕಲಲ್ಲ, ಆದ್ರೆ ಅವುಗಳ ಬಗ್ಗೆ ನಂಬಿಕೆನೂ ಹೀಗೇ. ಒಂದು ಕಡೆ ಶೃಂಗಾರದ ಚಿತ್ರ, ಇನ್ನೊಂದು ಕಡೆ ಅಂಕಿ, 1ನೇ ಶತಮಾನದ್ದು. ವೇಶ್ಯಾಗೃಹದ ಟೋಕನ್ ಅಂತ ತುಂಬಾ ಕಾಲ ನಂಬಿದ್ರು, ಈಗ ಆಟದ ಕಾಯಿ ಇರ್ಬಹುದು ಅಂತಾರೆ ಹಲವು ವಿದ್ವಾಂಸರು.

ಅಂದಹಾಗೆ, ನಿಮ್ಮದನ್ನ ತಿಕ್ಕಿ ತೊಳೀಬೇಡಿ, ಮಾರಿದವರಿಗೆ ವಾಪಸ್ ಕೊಡೋಕಾದ್ರೆ ಕೊಟ್ಬಿಡಿ.