ಓದುಗರ ಪ್ರಶ್ನೆ, ತಜ್ಞರ ಉತ್ತರ: ಪಕ್ಕದ ಮನೆಗೆ ಬಂದ ನಿರಾಶ್ರಿತರು, ಅವರ ಮನಸ್ಸು, ನಮ್ಮ ಮನಸ್ಸು

ಪ್ರಶ್ನೆ: ನಾವು ದೊಡ್ಡ ನಗರದಲ್ಲಿದ್ದೇವೆ. ಯುದ್ಧದಿಂದ ತಪ್ಪಿಸಿಕೊಂಡು ಬಂದ ಕೆಲವು ಕುಟುಂಬಗಳು ನಮ್ಮ ಬೀದಿಯಲ್ಲಿ ಬಾಡಿಗೆಗಿವೆ. ಪಕ್ಕದ ಮನೆಯವರು ರಾತ್ರಿಯೆಲ್ಲ ದೀಪ ಹಾಕಿಕೊಂಡು ಕೂತಿರುತ್ತಾರೆ. ಮಾತು ಕಡಿಮೆ. ಊರಲ್ಲಿ ಏನಾಯ್ತು ಅಂತ ಕೇಳಿ, ಒಮ್ಮೆ ಅತ್ತುಬಿಟ್ಟರೆ ಹಗುರಾಗುತ್ತಾರೆ ಅಂತ ನನ್ನ ತಂಗಿ ಹೇಳುತ್ತಾಳೆ. ಕೇಳಬಹುದಾ ಡಾಕ್ಟರೇ?

ಉತ್ತರ: ನಡೆದದ್ದನ್ನು ಕೆದಕಿ ಕೇಳಬೇಡಿ. ಅವರಾಗಿಯೇ ಹೇಳಿದರೆ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಎಲ್ಲವನ್ನೂ ಒಂದೇ ಸಲಕ್ಕೆ ಹೇಳಿಸಿಬಿಟ್ಟರೆ ವಾಸಿಯಾಗುತ್ತದೆ ಎಂಬ ನಂಬಿಕೆ ಹಿಂದೆ ನಮ್ಮ ಕ್ಷೇತ್ರದಲ್ಲೂ ಇತ್ತು. ಅದರಿಂದ ಪ್ರಯೋಜನ ಕಾಣಲಿಲ್ಲ, ಕೆಲವರಿಗೆ ನೋವು ಜಾಸ್ತಿಯೂ ಆಯಿತು. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ಆ ಪದ್ಧತಿ ಬೇಡ ಎನ್ನುತ್ತದೆ. 2011ರಲ್ಲಿ ಅದು ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರೇ ಕೆಲಸ ಹೇಳುತ್ತದೆ: ನೋಡಿ, ಕೇಳಿಸಿಕೊಳ್ಳಿ, ಸಹಾಯ ಸಿಗುವ ಕಡೆಗೆ ಜೋಡಿಸಿ. ನೆರೆಯವರಾಗಿ ನೀವು ಈ ಮೂರನ್ನೂ ಮಾಡಬಹುದು.

ಇನ್ನೊಂದು ಮಾತು. ನಿದ್ದೆ ಇಲ್ಲ ಅಂದ ಕೂಡಲೇ ನಾವು ಬಾಂಬು, ಬೆಂಕಿ ಅಂತಲೇ ಯೋಚಿಸುತ್ತೇವೆ. ಎಷ್ಟೋ ಸಲ ಅವರನ್ನು ಎಚ್ಚರವಾಗಿಟ್ಟಿರುವುದು ಮುಂದಿನ ತಿಂಗಳ ಬಾಡಿಗೆ. ಇಲ್ಲವೇ ಇನ್ನೂ ಕೈಗೆ ಬಾರದ ಕಾಗದಪತ್ರ. ಇಲ್ಲವೇ ಗಡಿಯ ಆಚೆ ಉಳಿದುಹೋದ ತಾಯಿ. ಹಳೆಯ ಗಾಯದಷ್ಟೇ ಇವತ್ತಿನ ಚಿಂತೆಯೂ ಮನಸ್ಸನ್ನು ತಿನ್ನುತ್ತದೆ. ಆದ್ದರಿಂದ "ಅಲ್ಲಿ ಏನಾಯ್ತು?" ಅನ್ನುವ ಬದಲು "ಇವತ್ತು ಹೇಗಿದ್ದೀರಿ? ಏನಾದರೂ ಬೇಕಿತ್ತಾ?" ಅಂತ ಕೇಳಿ. ಯಾವುದೋ ಅರ್ಜಿ ತುಂಬಲು ಜೊತೆಗೆ ಕೂರುವುದೂ ಆರೈಕೆಯೇ. ಇದನ್ನು ನಾನು ಬರೀ ಬಾಯಿಮಾತಿಗೆ ಹೇಳುತ್ತಿಲ್ಲ.

ಎಲ್ಲರಿಗೂ ಕಾಯಿಲೆ ಇದೆ ಅಂದುಕೊಳ್ಳಬೇಡಿ. ಸಂಘರ್ಷ ಕಂಡ ಪ್ರದೇಶಗಳ ಜನರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಖಿನ್ನತೆ, ಆತಂಕದಂಥ ಯಾವುದಾದರೂ ಮಾನಸಿಕ ತೊಂದರೆ ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂದಾಜು ಕೊಟ್ಟಿತು. ಅದರಲ್ಲೂ ಹೆಚ್ಚಿನವು ಸೌಮ್ಯ ರೂಪದವು. ಆದರೆ ಅವರು ಊಟ ಬಿಟ್ಟಿದ್ದರೆ, ಮಕ್ಕಳನ್ನು ನೋಡಿಕೊಳ್ಳಲು ಆಗದಿದ್ದರೆ, ವಾರಗಟ್ಟಲೆ ಹೀಗೇ ಇದ್ದರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಬದುಕಿ ಏನು ಪ್ರಯೋಜನ ಎಂಬಂಥ ಮಾತು ಬಂದರೆ ನೇರವಾಗಿ ಕೇಳಿ: "ಸಾಯಬೇಕು ಅಂತ ಅನಿಸುತ್ತಿದೆಯಾ?" ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಎಂಬ ಭಯ ಬೇಡ, ಹಾಗೆ ಆಗುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಆವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಮತ್ತೆ, ನಿಮ್ಮ ಮನೆಯಲ್ಲಿರುವ ನಿದ್ದೆ ಮಾತ್ರೆಯನ್ನು ಮಾತ್ರ ದಯವಿಟ್ಟು ಕೊಡಬೇಡಿ.

ಪ್ರಶ್ನೆ: ನನ್ನ ಮಾತು ಒರಟಾಗಿ ಕೇಳಿಸಬಹುದು. ನಮ್ಮ ಬಡಾವಣೆಗೆ ಬಂದ ನಿರಾಶ್ರಿತರಿಗೆ ಉಚಿತ ಆಪ್ತಸಮಾಲೋಚನೆ ಶುರುವಾಗಿದೆ. ಈ ಎರಡು ವರ್ಷದಲ್ಲಿ ಬಾಡಿಗೆ ಏರಿದೆ, ನನ್ನ ಗಂಡನ ಕೆಲಸ ಹೋಗಿದೆ, ಅವರು ಯಾರ ಜೊತೆಗೂ ಮಾತಾಡುತ್ತಿಲ್ಲ. ನಮ್ಮನ್ನು ಕೇಳುವವರು ಯಾರು?

ಉತ್ತರ: ಇದು ಒರಟು ಮಾತಲ್ಲ. ನಿಮ್ಮ ಸಿಟ್ಟಿಗೆ ಕಾರಣವಿದೆ. ನಿರಾಶ್ರಿತರು ಅಂದರೆ ಡೇರೆಗಳ ಸಾಲು ಕಣ್ಣಿಗೆ ಬರುತ್ತದೆ, ಅಲ್ವಾ? ನಿಜವಾಗಿ ಅವರಲ್ಲಿ ಹೆಚ್ಚಿನವರು ಇರುವುದು ನಗರಗಳಲ್ಲಿ. ಅವರಿಗೆ ಮನೆ ಸಿಗುವುದು ಬಾಡಿಗೆ ಕಡಿಮೆ ಇರುವ ಕಡೆ. ಅಂದರೆ ಮೊದಲೇ ಕಷ್ಟದಲ್ಲಿರುವ ಜನರ ನಡುವೆ. ಬಂದವರ ನೋವು, ಇದ್ದವರ ನೋವು ಎರಡೂ ಒಂದೇ ಗೋಡೆಯ ಆಚೀಚೆ ಇರುತ್ತವೆ.

ಒಂದೇ ಗುಂಪಿಗಾಗಿ ಬೇರೆಯೇ ಬಾಗಿಲು ತೆರೆಯುವುದು ತಪ್ಪು ದಾರಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನೆರವು ಸಂಸ್ಥೆಗಳೆಲ್ಲ ಸೇರಿ 2007ರಲ್ಲಿ ರೂಪಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಇಂಥ ಬಿಡಿ ಬಿಡಿ ಸೇವೆಗಳ ಬಗ್ಗೆ ಎಚ್ಚರಿಸುತ್ತದೆ. ಅದು ಆರೈಕೆಯನ್ನು ಗೋಪುರದಂತೆ ಕಾಣುತ್ತದೆ. ಬುಡದಲ್ಲಿ ಸೂರು, ಅನ್ನ, ಸುರಕ್ಷತೆ. ಅದರ ಮೇಲೆ ಕುಟುಂಬ, ನೆರೆಹೊರೆ. ಆಮೇಲೆ ತರಬೇತಿ ಪಡೆದ ಕಾರ್ಯಕರ್ತರು. ಮನೋವೈದ್ಯರು ಬರುವುದು ತುದಿಯಲ್ಲಿ, ಕೆಲವರಿಗೆ ಮಾತ್ರ. ಬುಡ ಅಲುಗಾಡುತ್ತಿದ್ದರೆ ತುದಿಯ ಆಪ್ತಸಮಾಲೋಚನೆ ಎಷ್ಟು ಹೊತ್ತು ನಿಲ್ಲುತ್ತದೆ? ನಿಮ್ಮ ಮನೆಯ ಬುಡವೂ ಈಗ ಅಲುಗಾಡುತ್ತಿದೆ.

ಸಮಾಧಾನದ ವಿಷಯವೊಂದಿದೆ. ಇಬ್ಬರಿಗೂ ಬೇಕಾದ ಆರೈಕೆ ಬಹುಮಟ್ಟಿಗೆ ಒಂದೇ. 'ಪ್ರಾಬ್ಲೆಮ್ ಮ್ಯಾನೇಜ್‌ಮೆಂಟ್ ಪ್ಲಸ್' ಎಂಬ ಐದು ಭೇಟಿಗಳ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರಕಟಿಸಿತು. ನಿಧಾನವಾಗಿ ಉಸಿರಾಡುವುದು, ಕೈಮೀರಿದಂತೆ ಕಾಣುವ ಸಮಸ್ಯೆಯನ್ನು ಚಿಕ್ಕ ಹೆಜ್ಜೆಗಳಾಗಿ ಒಡೆಯುವುದು, ಬಿಟ್ಟುಹೋದ ಕೆಲಸಗಳಿಗೆ ಸ್ವಲ್ಪ ಸ್ವಲ್ಪವೇ ಮರಳುವುದು, ಜನರ ಆಸರೆ ಹುಡುಕಿಕೊಳ್ಳುವುದು. ಇಷ್ಟೇ. ಕಲಿಸುವವರು ಮನೋವೈದ್ಯರೇ ಆಗಬೇಕಿಲ್ಲ. ತರಬೇತಿ ಮತ್ತು ಮೇಲ್ವಿಚಾರಣೆ ಇರುವ ಸಾಮಾನ್ಯರು ಸಾಕು. ಪೆಶಾವರ ಮತ್ತು ನೈರೋಬಿಯಲ್ಲಿ ಅಲ್ಲಿನ ನಿವಾಸಿಗಳ ಮೇಲೆ ಇದನ್ನು ಪರೀಕ್ಷಿಸಿ ಪ್ರಯೋಜನ ಕಂಡುಕೊಂಡರು. ಆಮೇಲೆ ಸಿರಿಯಾದ ನಿರಾಶ್ರಿತರಿಗೂ ಇದೇ ಕ್ರಮ ಬಂತು. ಭಾಷೆ, ಉದಾಹರಣೆಗಳನ್ನು ಬದಲಿಸಿಕೊಂಡರು. ತಿರುಳು ಅದೇ.

ಹಾಗಾಗಿ ಆ ಕೇಂದ್ರಕ್ಕೆ ನೀವೇ ಹೋಗಿ. "ನನ್ನ ಗಂಡನಿಗೂ ಜಾಗ ಇದೆಯಾ?" ಅಂತ ಕೇಳಿ. ಇಲ್ಲ ಅಂದರೆ ಬೀದಿಯ ನಾಲ್ಕು ಮನೆಯವರು ಸೇರಿ ಬರೆದು ಕೊಡಿ. ಅವರಿಗೆ ನಿಲ್ಲಿಸಿ ಅಂತ ಬರೆಯಬೇಡಿ, ನಮಗೂ ತೆರೆಯಿರಿ ಅಂತ ಬರೆಯಿರಿ. ಆ ಪತ್ರಕ್ಕೆ ನಿರಾಶ್ರಿತ ಕುಟುಂಬಗಳೂ ಸಹಿ ಹಾಕಬಹುದು. ಯಾಕೆಂದರೆ ಬೀದಿಯಲ್ಲಿ ಅಸಮಾಧಾನ ಬೆಳೆದರೆ ಮೊದಲು ನಿದ್ದೆ ಕೆಡುವುದು ಅವರದೇ. ಅಲ್ಲಿಯವರೆಗೆ ಗಂಡನನ್ನು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಕೆಲಸ ಹೋದ ಮೇಲೆ ಮಾತು ನಿಂತುಹೋಗುವುದನ್ನು ಸುಮ್ನೆ ಬಿಡಬಾರದು.

ಪ್ರಶ್ನೆ: ನನ್ನ ತರಗತಿಯ ನಿರಾಶ್ರಿತ ಹುಡುಗನೊಬ್ಬ ತಾಯಿಗೆ ದುಬಾಷಿಯಾಗಿ ಆಸ್ಪತ್ರೆಗೆ ಹೋಗುತ್ತಾನೆ. ಅವನಿಗೆ ಹತ್ತು ವರ್ಷ. ಇದು ಸರಿಯೇ?

ಉತ್ತರ: ಸರಿಯಲ್ಲ ಟೀಚರ್. ತಾಯಿ ತನ್ನ ಕಷ್ಟವನ್ನು ಮಗನ ಎದುರು ಮುಚ್ಚಿಡುತ್ತಾರೆ. ಮುಚ್ಚಿಡದಿದ್ದರೆ ಮಗು ಹೊರಲಾರದ ಭಾರ ಹೊರುತ್ತದೆ. ದೊಡ್ಡವರೊಬ್ಬರು ದುಬಾಷಿ ಬೇಕು ಅಂತ ಆಸ್ಪತ್ರೆಯಲ್ಲಿ ಮೊದಲೇ ಕೇಳಿ. ಫೋನಿನಲ್ಲಿ ಅನುವಾದಿಸಿದರೂ ಆಗುತ್ತದೆ. ಆದರೆ ಯಾರು ಬರಬೇಕು ಎನ್ನುವುದನ್ನು ತಾಯಿಯೇ ಹೇಳಲಿ. ತಮ್ಮದೇ ಸಮುದಾಯದವರು ಬಂದರೆ ಸುದ್ದಿ ಹರಡುತ್ತದೆ ಎಂಬ ಭಯ ಕೆಲವರಿಗೆ. ಯುದ್ಧದಲ್ಲಿ ಎದುರು ಬಣದಲ್ಲಿದ್ದವರು ಬಂದರೆ ಮಾತೇ ಹೊರಡುವುದಿಲ್ಲ.

ದುಬಾಷಿ ಪದಕ್ಕೆ ಪದ ಹೇಳುವವರಾಗಿರಲಿ. ಜಿಂಬಾಬ್ವೆಯ ಶೋನಾ ಭಾಷೆಯಲ್ಲಿ 'ಕುಫುಂಗಿಸಿಸಾ' ಎಂಬ ಮಾತಿದೆ. ಅತಿಯಾಗಿ ಯೋಚಿಸುವುದು ಅಂತ ಅರ್ಥ. ಅದನ್ನು ಸೀದಾ 'ಖಿನ್ನತೆ' ಅಂತ ತಿರುಗಿಸಿದರೆ ವೈದ್ಯರಿಗೆ ಒಂದು ಕಾಯಿಲೆಯ ಹೆಸರು ಸಿಗುತ್ತದೆ, ಆ ಮನುಷ್ಯ ಏನು ಹೇಳಿದರು ಎನ್ನುವುದು ಸಿಗುವುದಿಲ್ಲ. ತಾಯಿ ಹೇಳಿದ್ದು ಹೇಳಿದ ಹಾಗೇ ವೈದ್ಯರ ಕಿವಿಗೆ ಬೀಳಲಿ. ಹುಡುಗ ಆ ಹೊತ್ತಿನಲ್ಲಿ ನಿಮ್ಮ ತರಗತಿಯಲ್ಲಿರಲಿ.